ನೇರಳೆ ಬಣ್ಣದ ಸಾಕ್ಷಿ

ಮಗಳ ಮೂಗು ಸೋದರಮಾವನದು, ಗುಂಗುರು ಕೂದಲು ಸೋದರಮಾವನದು, ನಕ್ಕರೆ ಕೆನ್ನೆಯಲ್ಲಿ ಬೀಳುವ ಗುಳಿಯೂ ಸೋದರಮಾವನದೇ. ಐದು ವರ್ಷದಿಂದ ಇದನ್ನೇ ಕೇಳಿ ಕೇಳಿ ಶ್ಶ್ ಸಾಹೇಬರ ಹೊಟ್ಟೆಯಲ್ಲಿ ಆರದ ಒಲೆಯೊಂದು ಉರಿಯುತ್ತಿತ್ತು. ಗ್ರಂಥಾಲಯದಲ್ಲಿ ಯಾರು ಪಿಸುಗುಟ್ಟಿದರೂ ತುಟಿಗೆ ಬೆರಳಿಟ್ಟು "ಶ್ಶ್" ಎನ್ನುವುದು ಅವರ ಕೆಲಸವಾದ್ದರಿಂದ ಊರು ಕೊಟ್ಟ ಹೆಸರು ಅದು. ಅವರು ನಡೆದರೆ ಇರುವೆಗೂ ಕೇಳಿಸದು. ಎರಡು ವರ್ಷ ಹಾಕಿದ ಶೂಗೂ ಹಿಮ್ಮಡಿ ಸವೆಯದು. ಅದು ತಮ್ಮ ಶಿಸ್ತು ಎಂದು ಅವರು ನಂಬಿದ್ದರು. ಇಷ್ಟು ಶಿಸ್ತಿನ ತಂದೆಯ ಗುರುತು ಮಗಳಲ್ಲಿ ಕೂದಲೆಳೆಯಷ್ಟೂ ಇರಲಿಲ್ಲ.

ಆ ದಿನ ಬೆಳಿಗ್ಗೆ ಎದುರುಮನೆ ದೊಡ್ಡಮ್ಮ ಬಾಗಿಲಲ್ಲೇ ನಿಂತು ಬೆಂಕಿ ಹಚ್ಚಿದರು.

"ಅಲ್ಲಪ್ಪಾ, ನಿನ್ನ ಮಗಳು ಹಿಮ್ಮಡಿ ಊರೋದೇ ಇಲ್ವಲ್ಲ! ಯಾವಾಗ ನೋಡಿದ್ರೂ ತುದಿಗಾಲಲ್ಲೇ ಓಡಾಡ್ತಾಳೆ. ಯಾರ ಕಡೆಯಿಂದ ಬಂತು ಈ ನಡಿಗೆ?"

"ನಾನೂ ನೋಡ್ತಾನೇ ಇದೀನಿ ದೊಡ್ಡಮ್ಮ," ಎಂದಳು ಹೆಂಡತಿ. "ಹಿಮ್ಮಡಿ ಊರು ಅಂದ್ರೆ ಊರ್ತಾಳೆ. ಕಣ್ಣು ತಪ್ಪಿದ್ರೆ ಮತ್ತೆ ಎತ್ತುತಾಳೆ. ಮಧ್ಯಾಹ್ನ ಮೂರಕ್ಕೆ ಮಕ್ಕಳ ಮೂಳೆ ಡಾಕ್ಟರ ಹತ್ರ ಹೋಗೋಣ."

ಶ್ಶ್ ಸಾಹೇಬರಿಗೂ ಗಾಬರಿಯಾಯಿತು, ಸುಳ್ಳೇಕೆ ಹೇಳಬೇಕು. ಆದರೆ ಗಾಬರಿಯ ಬೆನ್ನಿಗೇ ಒಂದು ಕಳ್ಳ ಸಂತೋಷ ಇಣುಕಿತು. ಮೂಗು, ಕೂದಲು, ಗುಳಿ ಎಲ್ಲ ಅವನದಾದರೆ ಈ ನಡಿಗೆ ಮಾತ್ರ ಇನ್ಯಾರದು? ಅವನದೇ! ಇಂದು ಡಾಕ್ಟರ ಬಾಯಿಂದಲೇ ಹೇಳಿಸಿ, ಭಾವಮೈದನ ಸೊಕ್ಕು ಮುರಿಯಬೇಕು. ಅದಕ್ಕೆ ಸಾಕ್ಷಿ ಬೇಕು.

ಗ್ರಂಥಾಲಯಕ್ಕೆ ಅರ್ಧ ದಿನ ರಜೆ ಹಾಕಿ, ಬರುವಾಗ ಪುಸ್ತಕಕ್ಕೆ ರಟ್ಟು ಹಾಕುವ ಖಾಕಿ ಕಾಗದದ ಒಂದು ಸುರುಳಿಯನ್ನೂ, ಮೊಹರಿಗೆ ಬಳಸುವ ನೇರಳೆ ಶಾಯಿಯ ಒಂದು ಬಾಟಲಿಯನ್ನೂ ತಂದರು. ಭಾವಮೈದನಿಗೆ ಫೋನು ಮಾಡಿ, ಜನ್ಮದಲ್ಲಿ ಕರೆಯದವರು ಊಟಕ್ಕೆ ಕರೆದರು. ಹೆಂಡತಿ ಅಡಿಗೆಮನೆಯಲ್ಲಿದ್ದಾಗ ಚಪ್ಪಲಿ ಕಳಚಿಟ್ಟು ನಡುಮನೆಯುದ್ದಕ್ಕೂ ಕಾಗದ ಹಾಸಿ, ಹೊಸ್ತಿಲ ಒಳಗಿನ ಕಾಲೊರಸಿಗೆ ಅಷ್ಟೂ ಶಾಯಿ ಕುಡಿಸಿದರು.

ಭಾವಮೈದ ಈಜು ಕಲಿಸುವವನು, ಆರಡಿ ಆಳು. ರಬ್ಬರ್ ಚಪ್ಪಲಿ ಹೊರಗೆ ಬಿಟ್ಟು, "ಏನ್ ಭಾವ, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎನ್ನುತ್ತ ಕಾಲೊರಸಿನ ಮೇಲೆ ಕಾಲಿಟ್ಟು, ಕಾಗದ ತುಳಿಯುತ್ತಲೇ ಒಳಗೆ ನಡೆದ. "ಮಾಮಾ!" ಎಂದು ಮಗಳೂ ಓಡಿಬಂದು ಅದನ್ನೇ ತುಳಿದಳು. ಅಷ್ಟರಲ್ಲಿ ಕರೆಯದೆ ಬರುವ ದೊಡ್ಡಮ್ಮ ಹೊಸ್ತಿಲಲ್ಲಿ ಪ್ರತ್ಯಕ್ಷ!

"ಬೇಡಿ, ಬರಬೇಡಿ!" ಎಂದು ಶ್ಶ್ ಸಾಹೇಬರು ಅಡ್ಡ ಹಾರಿದರು. ದೊಡ್ಡಮ್ಮ ನಿಲ್ಲುವವರೇ? ಬಂದರು, ಜಾರಿದರು, ಇವರ ಅಂಗಿ ಹಿಡಿದರು. ಇಬ್ಬರೂ ಕಾಲೊರಸಿನ ಮೇಲೊಂದು ಸುತ್ತು, ಕಾಗದದ ಮೇಲೆ ನಾಲ್ಕು ಸುತ್ತು ತಿರುಗಿದರು. ಮಗಳು ಚಪ್ಪಾಳೆ ತಟ್ಟಿ ಅವರ ಹಿಂದೆ ಕುಣಿದಳು.

"ಏನ್ರೀ ಇದು, ಮನೆಯೋ ಮುದ್ರಣಾಲಯವೋ?" ಎಂದು ಹೆಂಡತಿ ಸೌಟು ಹಿಡಿದು ಬರುವಷ್ಟರಲ್ಲಿ ಸಾಹೇಬರು ಗಡಿಬಿಡಿಯಲ್ಲಿ ಕಾಗದ ಸುತ್ತುತ್ತಿದ್ದರು. ಸುತ್ತುವಾಗಲೇ ಕಣ್ಣಿಗೆ ಬಿತ್ತು: ಮಗಳ ಪುಟ್ಟ ಹೆಜ್ಜೆಗಳ ಪಕ್ಕದಲ್ಲೇ ದೊಡ್ಡವರ ಹೆಜ್ಜೆಗಳು, ಬೆರಳು ಮಾತ್ರ ಮೂಡಿವೆ, ಹಿಮ್ಮಡಿ ಇಲ್ಲ! ಅವರ ಎದೆ ತಂಪಾಯಿತು. ಎಲ್ಲರೂ ಸೋಪು ಹಚ್ಚಿ ಉಜ್ಜಿದರೂ ಶಾಯಿ ಜಪ್ಪಯ್ಯ ಅನ್ನಲಿಲ್ಲ. ಊಟದಲ್ಲಿ ಭಾವಮೈದನಿಗೆ ತಾವೇ ಎರಡು ಸಲ ಬಡಿಸಿ, "ನೀನೂ ಬಾ, ಮಾವ ಇದ್ರೆ ಮಗುಗೆ ಧೈರ್ಯ," ಎಂದರು.

ಡಾಕ್ಟರಮ್ಮ ಮಗುವನ್ನು ಮಲಗಿಸಿ ಪಾದ ಬಾಗಿಸಿ ನೋಡಿದರು, ಮೊಣಕಾಲು ತಟ್ಟಿದರು, ಮಾತಾಡಿಸುತ್ತ ನಡೆಸಿದರು.

"ನರ, ಸ್ನಾಯು ಎಲ್ಲ ಸರಿ ಇದೆ. ಮೀನಖಂಡ ಸ್ವಲ್ಪ ಬಿಗಿಯಾಗಿದೆ ಅಷ್ಟೆ. ಕೆಲವು ಮಕ್ಕಳು ಹೀಗೆ ನಡೀತಾರೆ, ಯಾಕೆ ಅಂತ ನಮಗೂ ಗೊತ್ತಿಲ್ಲ. ಒಂದೊಂದು ಮನೇಲಿ ಹಿರಿಯರಿಗೂ ಇರುತ್ತೆ."

ಇದೇ ಮಾತಿಗೆ ಕಾದಿದ್ದ ಶ್ಶ್ ಸಾಹೇಬರು ಸುರುಳಿಯನ್ನು ನೆಲದ ಮೇಲೆ ಹರಡಿದರು. "ನೋಡಿ ಮೇಡಂ! ಹಿಮ್ಮಡಿ ಇರೋ ಹೆಜ್ಜೆ ಎದುರುಮನೆ ದೊಡ್ಡಮ್ಮಂದು. ಇಲ್ಲದ್ದು ಇಗೋ, ಇವನದು. ಹೆಸರು ಹೇಳಿ ಯಾಕೆ ನೋಯಿಸ್ಲಿ, ಸೋದರಮಾವ."

ಡಾಕ್ಟರಮ್ಮ ಬಗ್ಗಿ ನೋಡಿದರು. "ನಿಮ್ಮ ದೊಡ್ಡಮ್ಮನ ಪಾದ ಹನ್ನೊಂದು ಇಂಚಾ?"

ಭಾವಮೈದ ಕಾಲೆತ್ತಿ ತೋರಿಸಿದ: ಬೆರಳಿಂದ ಹಿಮ್ಮಡಿಯವರೆಗೆ ಗಾಢ ನೇರಳೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಶ್ಶ್ ಸಾಹೇಬರ ಕಾಲುಗಳು ತಾವಾಗಿಯೇ ಕುರ್ಚಿಯಡಿಗೆ ಸರಿದವು.

"ರೀ, ಶೂ ಬಿಚ್ಚಿ," ಎಂದಳು ಹೆಂಡತಿ.

ಬಿಚ್ಚಿದರು. ಐದು ಬೆರಳೂ ನೇರಳೆ, ಹಿಮ್ಮಡಿ ಹಾಲಿನಷ್ಟು ಬಿಳಿ.

ನಾಚಿಕೆಯಾಗಬೇಕಿತ್ತು. ಆದರೆ ಸಾಹೇಬರ ಕಣ್ಣು ತುಂಬಿ ಬಂತು. ಐದು ವರ್ಷಕ್ಕೆ ಮಗಳಲ್ಲಿ ತಮ್ಮದೊಂದು ಸಿಕ್ಕಿತ್ತು! "ನಂದು! ಮೇಡಂ, ಇದು ನಂದು!" ಎಂದು ಮಗಳನ್ನು ಎತ್ತಿ ಮುದ್ದಾಡಿದರು.

"ಹೌದು, ನಿಮ್ದೇ," ಎಂದರು ಡಾಕ್ಟರಮ್ಮ ಚೀಟಿ ಬರೆಯುತ್ತ. "ಚಿಂತೆ ಮಾಡ್ಬೇಡಿ, ತೆಗೆದುಹಾಕೋಣ. ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯೋ ವ್ಯಾಯಾಮ ದಿನಾ ಎರಡು ಸಲ. ನೀವೂ ಮಾಡಿ, ನಿಮ್ದು ಇನ್ನೂ ಬಿಗಿ. ಆಮೇಲೆ ಹಿಮ್ಮಡಿ ಮೊದಲು ಊರಿ ನಡೆಯೋ ಅಭ್ಯಾಸ. ಮಗು ನೋಡಿ ಕಲಿಯೋಕೆ ಎದುರಿಗೆ ಯಾರಾದ್ರೂ ಸರಿಯಾಗಿ ನಡೆಯೋರು ಬೇಕು." ಕಾಗದದ ಮೇಲಿನ ಹನ್ನೊಂದು ಇಂಚಿನ ಹೆಜ್ಜೆಗಳನ್ನು ಮೆಚ್ಚಿಗೆಯಿಂದ ನೋಡಿದರು. "ಇವರ ನಡಿಗೆ ಬಹಳ ಚೆನ್ನಾಗಿದೆ. ದಿನಾ ಬರೋಕಾಗುತ್ತಾ?"

"ದಿನಾ ಊಟಕ್ಕೇ ಬರ್ತೀನಿ," ಎಂದ ಭಾವಮೈದ. "ಭಾವ ಕರೆದಿದಾರಲ್ಲ."

ಸಂಜೆ ನಡುಮನೆಯಲ್ಲಿ ಭಾವಮೈದ ಧಪ್ ಧಪ್ ಎಂದು ಹಿಮ್ಮಡಿ ಊರಿ ನಡೆದ. ಅವನ ಹಿಂದೆ ಮಗಳು ಕೈ ಬೀಸುತ್ತ, ಗುಂಗುರು ಕೂದಲು ಕುಣಿಸುತ್ತ ಧಪ್ ಧಪ್. ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುತ್ತಿದ್ದ ಶ್ಶ್ ಸಾಹೇಬರಿಗೆ ಎಲ್ಲ ಕೇಳಿಸುತ್ತಿತ್ತು. ನೇರಳೆ ಕಾಲಿನ ದೊಡ್ಡಮ್ಮ ಬಾಗಿಲಲ್ಲಿ ನಿಂತು ಕೆನ್ನೆಗೆ ಕೈಯಿಟ್ಟರು.

"ಅಯ್ಯೋ, ನೋಡ್ರೇ! ಈಗ ನಡಿಗೇನೂ ಥೇಟ್ ಸೋದರಮಾವಂದೇ!"

"ಶ್ಶ್," ಎಂದರು ಸಾಹೇಬರು ಗೋಡೆಯ ಕಡೆ ಮುಖ ಮಾಡಿ. ಆ ಧಪ್ ಧಪ್‌ನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.