ವೈಫೈ ಓಗೈತೆ, ಬೇಗ ಬಾಕ್ಕಾ

ವೈಫೈ ಕೆಟ್ಟಿದೆ ಅಂತ ಕರೆದ ಮನೆಯಲ್ಲಿ ಬರೀ ವೈಫೈ ಕೆಟ್ಟಿರೋದು ಬಲು ಅಪರೂಪ. ಕೊಳತ್ತೂರಿನ ಸುತ್ತಮುತ್ತ ಆರು ವರ್ಷ ಮೊಪೆಡ್ ಓಡಿಸಿ ನಾನು ಕಲಿತದ್ದು ಇಷ್ಟೇ. ಕೇಬಲ್ ಆಫೀಸಿನವರಿಗೆ ನಾನು ಟೆಕ್ನಿಷಿಯನ್, ಊರವರಿಗೆ ವೈಫೈ ಅಕ್ಕ. ಈಗ ಎಲ್ಲರ ಫೋನಿಗೂ ನೆಟ್ ತಾನಾಗೇ ಬರುತ್ತೆ, ನನ್ನನ್ನು ಕರೆಯೋರಿಲ್ಲ. ಒಂದೊಂದು ಬೆಳಗ್ಗೆ ಆ ಮನೆಗಳ ಕಾಫಿ ನೆನಪಾಗಿ ಸುಮ್ಮನೆ ಕೂತುಬಿಡ್ತೀನಿ.

ಎಂಟು ಗಂಟೆಯ ಕಾಯಿಲೆ

ಒಬ್ಬರು ರಿಟೈರ್ ಆದ ಮೇಷ್ಟ್ರು. ಫೋನಲ್ಲೇ ಪೇಪರ್ ಓದೋರು. ದಿನಾ ಬೆಳಗ್ಗೆ ಎಂಟಕ್ಕೆ, "ಅಮ್ಮಾ, ವೈಫೈ ಓಯ್ತು" ಅನ್ನೋರು. ನಾನು ಹೋಗೋಷ್ಟರಲ್ಲಿ ಸರಿಯಾಗಿರೋದು. ಒಂದಿನ ಏಳೂವರೆಗೇ ಹೋಗಿ ಕೂತೆ. ಎಂಟಾಯ್ತು. ಅವರ ಹೆಂಡತಿ ಬಂದು ವೈಫೈ ಪೆಟ್ಟಿಗೆಯ ಪ್ಲಗ್ ಕಿತ್ತು, ಅದೇ ಜಾಗಕ್ಕೆ ಮಿಕ್ಸಿ ಸಿಕ್ಕಿಸಿದರು.

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ದಿನಾ ನೀನೇನಾ ಇದು?"

"ಇರೋದೊಂದೇ ಪ್ಲಗ್ಗು. ಪೇಪರ್ ಬೇಕಾ, ಚಟ್ನಿ ಬೇಕಾ, ಏಳ್ಬುಡಿ."

ಮೇಷ್ಟ್ರು ಮತ್ತೆ ಕೂತರು. "ಕಡ್ಲೆ ಚಟ್ನಿನಾ, ಕಾಯಿ ಚಟ್ನಿನಾ?"

ಮರೆಯೋಕಾಗಲ್ಲ

ಕುರಿ ಸಾಕೋ ಮನೆಯ ಅಜ್ಜಿಯೊಬ್ಬರ ಫೋನು ವೈಫೈ ಹಿಡಿಯುತ್ತಿರಲಿಲ್ಲ. ಹಳೇ ಕನೆಕ್ಷನ್ ಅಳಿಸಿ ಹೊಸದಾಗಿ ಹಾಕಿದರೆ ಸಾಕಿತ್ತು. "ಅಜ್ಜಿ, ಸ್ಕ್ರೀನಲ್ಲಿ 'ಮರೆತುಬಿಡು' ಅಂತ ಬಂದೈತೆ ನೋಡಿ, ಅದನ್ನ ಒತ್ತಿ" ಅಂದೆ.

"ಒತ್ತಾಕಿಲ್ಲ ಕಣವ್ವಾ."

"ಯಾಕಜ್ಜಿ?"

"ಎರಡ್ ದಿನ ಬರ್ಲಿಲ್ಲ ಅಂತ ಮರ್ತ್ಬುಡೋದಾ? ನಮ್ಮೆಜಮಾನ್ರು ಕುರಿ ಮೇಸಾಕೆ ಕಾಡಿಗೋಗಿ ತಿಂಗ್ಳುಗಟ್ಲೆ ಬರ್ತಿರ್ಲಿಲ್ಲ. ನಾನ್ ಮರ್ತ್ನಾ?"

ಅಜ್ಜಿ ಕುರಿಗೆ ನೀರಿಡಲು ಎದ್ದಾಗ ನಾನೇ ಕದ್ದು ಒತ್ತಿ, ಹೊಸದಾಗಿ ಹಾಕಿದೆ. ವೈಫೈ ಬಂತು. ತಿರುಗಿ ಬಂದ ಅಜ್ಜಿ ಫೋನ್ ನೋಡಿ ಹೇಳಿದರು: "ನೋಡ್ದಾ? ಕಾದಿದ್ಕೆ ಬಂತು."

ಒಂದು ಗೋಡೆ, ಎರಡು ಮನೆ

ಇಬ್ಬರು ಓರಗಿತ್ತಿಯರು. ನಡುವೆ ಒಂದೇ ಗೋಡೆ. ವೈಫೈ ಹಿರಿಯವಳ ಮನೆಯಲ್ಲಿ, ಬಳಸೋರು ಇಬ್ಬರೂ. ನುಗ್ಗೆಮರದ ವಿಷಯಕ್ಕೆ ಜಗಳವಾಗಿ ನಾಲ್ಕು ತಿಂಗಳಿಂದ ಮಾತಿಲ್ಲ, ಆದರೂ ವೈಫೈ ಮಾತ್ರ ಗೋಡೆ ದಾಟುತ್ತಿತ್ತು. ಒಂದಿನ ಅದೂ ನಿಂತಿತು. ಕಿರಿಯವಳು ನನ್ನನ್ನು ಕರೆದಳು. ನೋಡಿದರೆ ಪಾಸ್‌ವರ್ಡ್ ಬದಲಾಗಿದೆ.

ಹಿರಿಯವಳನ್ನು ಕೇಳಿದೆ. "ನಿಂಗ್ಯಾಕೇಳ್ಲಿ? ಬೇಕಾದೋಳು ಬಂದು ಕೇಳ್ಲಿ" ಅಂದಳು.

ಅರ್ಧ ಗಂಟೆ ಕಳೆದ ಮೇಲೆ ಕಿರಿಯವಳು ಬಂದಳು. ಹೊಸಿಲಾಚೆ ನಿಂತು, ಫೋನ್ ನೋಡುತ್ತಲೇ, "ಪಾಸ್‌ವರ್ಡ್ ಏನಂತೆ?" ಅಂದಳು.

ಹಿರಿಯವಳು ಮುಖ ಬಿಗಿದುಕೊಂಡೇ ಹೇಳಿದಳು: "ಊಟಾಯ್ತಾ."

ದಿನಕ್ಕೆ ಹತ್ತು ಸಲ ಅಮ್ಮ ಕೇಳೋ ಮಾತು, ಮರೆಯೋದಿಲ್ಲ ಅಂತ ಹಿರಿಯವಳ ಮಗಳು ಅದನ್ನೇ ಪಾಸ್‌ವರ್ಡ್ ಮಾಡಿದ್ದಳು. ಕಿರಿಯವಳಿಗೇನು ಗೊತ್ತು? ಗೊಳೋ ಅಂತ ಅತ್ತಳು. "ಇಲ್ಲಕ್ಕಾ, ಇನ್ನೂ ಉಂಡಿಲ್ಲ. ನೀನಿಂಗ್ ಕೇಳಿ ನಾಕ್ ತಿಂಗ್ಳಾಯ್ತು."

ಹಿರಿಯವಳು ಬಾಯಿ ತೆರೆದು ನನ್ನ ಮುಖ ನೋಡಿದಳು. ನಾನು ಬೇಕಂತಲೇ ಗೋಡೆ ನೋಡಿದೆ.

"ಸೆರಿ, ಅಳ್ಬೇಡ. ಒಳಕ್ ಬಾ" ಅಂದಳು. ಮೂರು ತಟ್ಟೆ ಬಂತು. ಬಿಸಿ ಮುದ್ದೆ, ಸೊಪ್ಪಿನ ಸಾರು. ಯಾರೂ ನುಗ್ಗೆಮರದ ಸುದ್ದಿ ಎತ್ತಲಿಲ್ಲ.

ಕೈ ತೊಳೆದು, ಸೆರಗಲ್ಲಿ ಒರೆಸಿಕೊಂಡು, ಕಿರಿಯವಳು ಫೋನ್ ಎತ್ತಿಕೊಂಡಳು.

"ಅಕ್ಕಾ, ಪಾಸ್‌ವರ್ಡ್ ಏಳ್ಲೇ ಇಲ್ವಲ್ಲ?"