ಮೂರನೆಯ ಪುಕಾರು

ನಮ್ಮ ಕಾಕಾ ಜೀವಮಾನದಲ್ಲಿ ಯಾರನ್ನೂ ಕರೆದವರಲ್ಲ. ಅವರು ಪುಕಾರು ಹಾಕುತ್ತಿದ್ದರು! ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳುವವರು ತಹಸೀಲ ಕಚೇರಿಯ ವರಾಂಡದಲ್ಲಿ ಒಂದು ಮಧ್ಯಾಹ್ನವನ್ನೂ ಕಳೆಯದ ಪುಣ್ಯವಂತರು. ಜಮೀನಿನ ತಕರಾರು ಸಾಹೇಬರ ಮುಂದೆ ಬಂದಾಗ ಶಿಪಾಯಿ ಬಾಗಿಲಲ್ಲಿ ನಿಂತು, ಅರ್ಜಿದಾರನ ಹೆಸರಿಗೆ ಅವನ ಅಪ್ಪನ ಹೆಸರು ಸೇರಿಸಿ ಮೂರು ಸಲ ಕೂಗುತ್ತಾನೆ. ಮೂರಕ್ಕೂ ಓಗೊಡದವನು ಗೈರಹಾಜರು. ಅವನ ತಾರೀಖು ಮುಂದಕ್ಕೆ ಹೋಯಿತು. ಆ ಶಿಪಾಯಿಯೇ ನಮ್ಮ ಕಾಕಾ. ಎದುರಿನ ಚಹಾದಂಗಡಿಯಲ್ಲಿ ಕುಳಿತವನು ಗ್ಲಾಸು ಬಿಟ್ಟು ಓಡಿಬರಬೇಕು, ಅಂಥ ಗಂಟಲು.

ಗುಂಜೋಟಿ ಊರಿನ ನಮ್ಮ ಮನೆಯಲ್ಲೂ ಅದೇ ಕಾನೂನು. "ಸುಮನಬಾಯಿ ಶಿವಲಿಂಗಪ್ಪಾ, ಹಾಜರ್ ಹೋ!" ನಾನು ಅವರ ಸ್ವಂತ ಅಣ್ಣನ ಮಗಳು. ಆದರೂ ಅಣ್ಣನ ಹೆಸರನ್ನು ಓಣಿಗೆಲ್ಲ ಸಾರದೆ ನನಗೆ ರೊಟ್ಟಿ ಹಾಕುತ್ತಿರಲಿಲ್ಲ. ಮೂರನೆಯ ಕೂಗಿಗೂ ಬರದಿದ್ದರೆ ನನ್ನ ಪಾಲಿನ ಝುಣಕಾ ತಮ್ಮನ ತಾಟಿಗೆ ಹೋಗುತ್ತಿತ್ತು.

ಒಮ್ಮೆ ಅವರೇ ಕಟ್ಟೆಯ ಹರಟೆಯಲ್ಲಿ ಊಟ ಮರೆತರು. ಕಾಕಿ ಗಂಡನ ಹೆಸರು ಎತ್ತದ ಕಾಲದವಳು. ಬಾಗಿಲಿಗೆ ಬಂದು ಸೌಟಿನಿಂದ ತಾಟು ಬಡಿದಳು.

"ಇದ್ಯಾವ ಪುಕಾರ? ಹೆಸರಿಲ್ಲದ ಪುಕಾರ ಕಾಯ್ದೇದಾಗ ಇಲ್ಲ" ಎಂದರು ಕಾಕಾ.

"ನಿಮ್ಮ ಹೆಸರು ನಾ ಹ್ಯಾಂಗ ತಗೋಲಿ? ತಾರೀಖ ಮುಂದ ಹಾಕೀನಿ. ನಾಳಿಗಿ ಉಣ್ರಿ" ಎಂದು ಕಾಕಿ ಒಳಗೆ ಹೋದಳು.

ನಿಲಂಗಾ ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ನನ್ನ ತಮ್ಮನಿಗೆ ಪುಕಾರು ಹಾಕಿದ್ದೂ ಉಂಟು. ಅವನ ಹೆಸರೂ ಅಪ್ಪನ ಹೆಸರೂ ಈ ಸೀಮೆಯಲ್ಲಿ ಮನೆಗೊಂದು. ಲಾತೂರ ಬಸ್ಸಿನಿಂದ ಯಾರೋ ಅಪರಿಚಿತ ಇಳಿದು ಬಂದು ಕೈಕಟ್ಟಿ ನಿಂತ.

"ಸಾಹೇಬ್ರ, ನಾ ಏನೂ ಮಾಡಿಲ್ಲರಿ."

"ಮಾಡಿಲ್ಲಂದ್ರ ಯಾಕ ಇಳದಿ? ಹತ್ತು, ಬಸ್ ಹೊಂಟದ."

ಆಮೇಲೆ ಸುಧಾರಣೆ ಬಂತು. ಆ ಕಚೇರಿ ಯಾವ ಊರಿನದೆಂದು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಕಡೆಯ ಹಳೆಯ ಕಚೇರಿಗಳೆಲ್ಲ ಅಕ್ಕತಂಗಿಯರು: ನಿಜಾಮನ ಕಾಲದ ಕಲ್ಲುಗೋಡೆ, ಮುಂದೊಂದು ಉದ್ದ ವರಾಂಡ, ಅದರ ತುಂಬ ಕಾಯುವ ಜನ. ಹೊಸ ಸಾಹೇಬರು ಚಿಕ್ಕ ವಯಸ್ಸಿನವರು, ಮೃದು ಮಾತಿನವರು. ಟೋಕನ್ ಯಂತ್ರ ತರಿಸಿದರು, ಗೋಡೆಗೆ ಪರದೆ ಹಾಕಿಸಿದರು. ಇನ್ನು ಕೂಗಾಟವಿಲ್ಲ, ಪರದೆಯ ಮೇಲೆ ನಂಬರು ಬಂದವರು ಒಳಗೆ ಹೋಗುವುದು. ಉದಗೀರದ ಕಾಲೇಜಿನಲ್ಲಿ ಆಡಳಿತಶಾಸ್ತ್ರ ಓದುತ್ತಿದ್ದ ನನಗೆ ಹಿಗ್ಗೋ ಹಿಗ್ಗು. ಪುಸ್ತಕ ಜೀವ ಪಡೆದು ನಮ್ಮ ಕಾಕಾನ ಕಚೇರಿಗೇ ಬಂದಿತ್ತಲ್ಲ!

"ಕಾಕಾ, ಈಗ ಜನ ಅಂದ್ರ ಗಿರಾಕಿ ಇದ್ದಂಗ. ಅವರಿಗಿ ಸೇವಾ ಕೊಡೋದು ನಮ್ಮ ಕೆಲಸ."

"ಗಿರಾಕಿಗಿ ಮನಸ್ಸ ಬರಲಿಲ್ಲಂದ್ರ ಬ್ಯಾರೆ ಅಂಗಡಿಗಿ ಹೋಗ್ತಾನ. ಇವರು ಎಲ್ಲಿಗಿ ಹೋಗ್ಬೇಕವಾ? ಸರಕಾರದ್ದು ಇದೊಂದ ಅಂಗಡಿ."

"ಅದಕ್ಕ ಸುಧಾರಸಬೇಕು ಅಂತೀನಿ."

"ಸುಧಾರಸ್ರಿ. ಮೊದಲ ಆ ಛತ್ತ ಸುಧಾರಸ್ರಿ, ಸೋರ್ತದ."

ಅವರನ್ನು ಟೋಕನ್ ಯಂತ್ರದ ಪಕ್ಕ ಕೂರಿಸಿದರು. ಗುಂಡಿ ಒತ್ತುವುದು, ಚೀಟಿ ಕೊಡುವುದು, ಅಷ್ಟೇ. ಯಂತ್ರಕ್ಕೆ ಯಾರ ಹೆಸರೂ ಬೇಡ. ಕಾಕಾಗೆ ಬೇಕಿತ್ತು. "ಹೆಸರೇನ್ರೀ? ಅಪ್ಪನ ಹೆಸರು?" ಎಂದು ಕೇಳಿಯೇ ಚೀಟಿ ಕೈಬಿಡುವರು. ಸಾಲು ಗೇಟಿನಾಚೆ ಹೋಗುತ್ತಿತ್ತು.

"ಕಾಕಾ, ಚೀಟಿ ಕೊಡ್ತೀರೋ, ಸಂಬಂಧ ಬೆಳಸ್ತೀರೋ?" ಎಂದ ಒಬ್ಬ.

"ನಿನ್ನ ಮಾರಿ ನೋಡಿದ್ರ ಸಂಬಂಧ ಬ್ಯಾಡನಸ್ತದ. ಹೆಸರ ಹೇಳು."

ಸಾಹೇಬರು ಕರೆದು ಗದರಿದರಂತೆ. ಮರುದಿನದಿಂದ ಕಾಕಾ ಹೆಸರನ್ನು ಪಿಸುಮಾತಿನಲ್ಲಿ ಕೇಳತೊಡಗಿದರು. ಅವರ ಪಿಸುಮಾತು ಗೇಟಿನವರೆಗೆ ಕೇಳುತ್ತಿತ್ತು!

ನೌಕರಿಯ ಅರ್ಜಿಗೆ, ಈ ಊರಿನವಳೆಂಬ ರಹಿವಾಸಿ ದಾಖಲೆ ಬೇಕೆಂದು ಈ ಮಳೆಗಾಲದಲ್ಲಿ ನಾನೂ ಆ ಸಾಲಿನಲ್ಲಿ ನಿಂತಿದ್ದೆ. ಮಳೆ ಹಿಡಿದು ಬಿಟ್ಟಿರಲಿಲ್ಲ. ಕಾಕಾ ನನ್ನ ಹೆಸರನ್ನೂ ಕೇಳಿ, ಹೊಸದಾಗಿ ತಿಳಿದವರಂತೆ ತಲೆಯಾಡಿಸಿ, ಚೀಟಿ ಕೊಟ್ಟರು. ವರಾಂಡದಲ್ಲಿ ಕುಳಿತೆ. ಕರೆಂಟು ಹೋಯಿತು, ಪರದೆ ಕಪ್ಪಾಯಿತು. ನನ್ನ ಮುಂದೆ ಅಂಗೈಯಷ್ಟು ಗಚ್ಚು ಬಿತ್ತು. ಮೇಲೆ, ಮರದ ತೊಲೆಯೊಳಗೆ, ಯಾರೋ ಹಲ್ಲು ಕಡಿದಂಥ ಸದ್ದು.

"ಎಲ್ಲಾರೂ ಹೊರಗ ನಡೀರಿ" ಎಂದು ಯಾರೋ ಕೂಗಿದರು. ಯಾರೂ ಏಳಲಿಲ್ಲ. ಹೊರಗೆ ಮಳೆ. ಎದ್ದರೆ ಪಾಳಿ ಹೋಗುತ್ತದೆ. ಎಲ್ಲರೂ ಎಂದರೆ ಬೇರೆಯವರು ಎಂದೇ ಎಲ್ಲರೂ ತಿಳಿದೆವು. ಆಡಳಿತಶಾಸ್ತ್ರ ಓದಿದವಳೂ ಹಾಗೆಯೇ ತಿಳಿದು ಕುಳಿತಿದ್ದಳು.

ಆಗ ಕಾಕಾ ಅಂಗಳದ ಮಳೆಯಲ್ಲಿ ನಿಂತು ಪುಕಾರು ಶುರುಮಾಡಿದರು. ಬೆಳಿಗ್ಗೆ ಕೇಳಿಕೊಂಡಿದ್ದ ಹೆಸರುಗಳು, ಅಪ್ಪಂದಿರ ಹೆಸರುಗಳು, ಒಂದರ ಹಿಂದೊಂದು. ಹೆಸರು ಕೇಳಿದವನು ಕಾರಣ ಕೇಳದೆ ಎದ್ದು ನಡೆದ. "ಸುಮನಬಾಯಿ ಶಿವಲಿಂಗಪ್ಪಾ, ಹಾಜರ್ ಹೋ!" ನಾನು ಯಾವಾಗ ಎದ್ದೆ, ಹೇಗೆ ಮಳೆಗೆ ಬಂದೆ, ನನಗೆ ತಿಳಿಯದು. ರೊಟ್ಟಿಗೆ ಓಡುತ್ತಿದ್ದ ಕಾಲುಗಳು ತಾವೇ ಓಡಿದವು.

ಉಳಿದವಳು ಒಬ್ಬಳೇ. ಶಿರೂರ ಅನಂತಪಾಳದ ಕಡೆಯ ಕಾಶಿಬಾಯಿ ಎಂಬ ಮುದುಕಿ, ಕಿವಿ ಮಂದ. ಮೂಲೆಯಲ್ಲಿ ಕುಳಿತು, ತನ್ನ ನಂಬರು ಬರಲೆಂದು ಕಪ್ಪು ಪರದೆಯನ್ನೇ ನೋಡುತ್ತಿದ್ದಳು. ಕಾಕಾ ಒಮ್ಮೆ ಕೂಗಿದರು. ಇನ್ನೊಮ್ಮೆ ಕೂಗಿದರು. ಮೂರೂ ಆಯಿತು. ಕಾನೂನಿನ ಪ್ರಕಾರ ಆಕೆ ಗೈರಹಾಜರು. ಯಾರಿಗೂ ನಾಲ್ಕನೆಯ ಪುಕಾರು ಹಾಕದ ಕಾಕಾ ನಾಲ್ಕನೆಯ ಸಲ ಕೂಗಿದರು. ಕೂಗುತ್ತಲೇ ಒಳಗೆ ಓಡಿದರು.

ಆಕೆಯ ಹೆಗಲು ಹಿಡಿದು ದೂಡಿದ್ದು ಕಂಡಿತು. ಆಕೆ ಅಂಗಳದ ಕೆಸರಿಗೆ ಬಂದು ಬಿದ್ದಳು. ಅವಳ ಹಿಂದೆ ವರಾಂಡ ಕುಸಿಯಿತು.

ಈಗಲೂ ಯಾವ ಸೂರಿನ ಕೆಳಗೆ ಕುಳಿತರೂ ನಾನು ಮೊದಲು ಮೇಲೆ ನೋಡುತ್ತೇನೆ. ಉಣ್ಣುತ್ತಿರುವಾಗ ತೊಲೆಯ ಸದ್ದು ಕೇಳುತ್ತದೆ. ಪ್ರತಿಸಲವೂ ಮನಸ್ಸಿನಲ್ಲೇ ನಾನು ಕಾಕಾನ ಅಂಗಿ ಹಿಡಿದು ಎಳೆಯಹೋಗುತ್ತೇನೆ. ಪ್ರತಿಸಲವೂ ಅದು ಕೈಗೆ ಸಿಗುವುದಿಲ್ಲ.

ಮಣ್ಣು ಮಾಡಿ ಬಂದು, ನೆಂಟರೆಲ್ಲ ಹೋದ ಮೇಲೆ, ಒಂದು ಮಧ್ಯಾಹ್ನ ಕಾಕಿ ತಾಟು ಹಾಕಿದಳು. ಒಂದು ಹೆಚ್ಚಾಗಿತ್ತು. ಅವಳು ಎದ್ದು ಬಾಗಿಲಿಗೆ ಹೋದಳು, ಸೆರಗು ಸರಿಮಾಡಿಕೊಂಡಳು, ಗಂಡನ ಹೆಸರನ್ನು ಮಾವನ ಹೆಸರಿನೊಂದಿಗೆ ಗಟ್ಟಿಯಾಗಿ ಕೂಗಿದಳು. ಅವಳ ಬಾಯಿಂದ ಆ ಹೆಸರನ್ನು ಮನೆಯಲ್ಲಿ ಯಾರೂ ಎಂದೂ ಕೇಳಿರಲಿಲ್ಲ. ಇನ್ನೊಮ್ಮೆ ಕೂಗಿದಳು.

ನಾವು ಕಾದೆವು. ಅವಳು ತಿರುಗಿ ಬಂದು, ಆ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿಟ್ಟಳು.

"ಕಾಕಿ, ಇನ್ನೊಂದು ಉಳೀತಲ್ಲ" ಎಂದ ನನ್ನ ತಮ್ಮ.

"ಉಳೀಲಿ" ಎಂದಳು ಕಾಕಿ. "ಮೂರನೇದು ನಾ ಹಾಕಂಗಿಲ್ಲಪಾ. ಹಾಕಿದ್ರ ಗೈರಹಾಜರ ಅನಬೇಕಾಗ್ತದ."