ಮಾವನ ಲುಂಗಿ ಮತ್ತು ಲೋಕದ ಕುತೂಹಲ

ನನ್ನ ಸೋದರಮಾವ ಪ್ಯಾಂಟು ಧರಿಸಿದ್ದನ್ನು ಕಂಡವರು ಇಡೀ ಜಿದ್ದಾ ನಗರದಲ್ಲಿ ಯಾರೂ ಇಲ್ಲ. ಅವರು ಹೊಲಿದ ಪ್ಯಾಂಟನ್ನು ಧರಿಸದವರು ಅವರ ಓಣಿಯಲ್ಲಿ ಯಾರೂ ಇಲ್ಲ! ಹೌದು, ಮಾವ ಟೈಲರ್. ಹಳೆಯ ಪೇಟೆಯಲ್ಲಿ ಖರ್ಜೂರದ ಅಂಗಡಿಗೂ ಚಹಾದಂಗಡಿಗೂ ನಡುವೆ ಅವರ ಅಂಗಡಿ. ಕೊರಳಲ್ಲಿ ಅಳತೆಯ ಟೇಪು, ಸೊಂಟದಲ್ಲಿ ನಮ್ಮ ಕರಾವಳಿಯ ಹಿರಿಯ ಬ್ಯಾರಿಗಳು ಕಟ್ಟುವ ಅಗಲವಾದ ಹಸಿರು ಬೆಲ್ಟು, ಅದರ ಕೆಳಗೆ ಚೌಕಳಿಯ ಲುಂಗಿ. ಬ್ಯಾಂಕಿಗೂ ಅದೇ, ಆಸ್ಪತ್ರೆಗೂ ಅದೇ.

"ಊರಿಗೆಲ್ಲ ಪ್ಯಾಂಟು ಹೊಲಿಯುತ್ತೀರಿ, ನೀವ್ಯಾಕೆ ಹಾಕುವುದಿಲ್ಲ?" ಎಂದು ಹೊಸ ಗಿರಾಕಿಗಳು ಕೇಳುವುದುಂಟು.

"ಮಿಠಾಯಿ ಮಾಡುವವನಿಗೆ ಮಿಠಾಯಿ ರುಚಿಸ್ತದಾ ಮಾರಾಯ?" ಎಂದು ಮಾವ ಗಿರಾಕಿಯ ಸೊಂಟಕ್ಕೆ ಟೇಪು ಬಿಗಿಯುತ್ತಾರೆ. ಆಮೇಲೆ ಗಿರಾಕಿಗೆ ಉಸಿರಾಟವೇ ಮುಖ್ಯವಾಗುತ್ತದೆ!

ನಮ್ಮ ಮನೆತನದಲ್ಲಿ ಪದವಿ ಎಂಬುದನ್ನು ಮೊದಲು ಸಂಪಾದಿಸಿದವನು ನಾನು. ಆದ್ದರಿಂದ ಇಸ್ತ್ರಿಯಿಲ್ಲದ ಅಂಗಿ ಮತ್ತು ವ್ಯಾಕರಣವಿಲ್ಲದ ವಾಕ್ಯ ನನ್ನ ಎದೆಬಡಿತವನ್ನು ಹೆಚ್ಚಿಸುತ್ತವೆ. ಇವೆರಡೂ ಇಲ್ಲದ ದಿನ ಆ ಕೆಲಸವನ್ನು ಮಾವನ ಲುಂಗಿ ವಹಿಸಿಕೊಳ್ಳುತ್ತದೆ. ಏಕೆಂದರೆ ಅದರ ವಿಷಯದಲ್ಲಿ ಲೋಕಕ್ಕಿರುವುದು ಒಂದೇ ಪ್ರಶ್ನೆ: ಒಳಗೇನಿದೆ? ಇಷ್ಟು ಹೇಳುವ ಮೊದಲೇ ಪ್ರಶ್ನೆಯನ್ನು ಊಹಿಸಿದ್ದ ಓದುಗರನ್ನು ನಾನು ಮನ್ನಿಸಿದ್ದೇನೆ. ಊಹಿಸದೆ ಇದ್ದವರು ನಿಜಕ್ಕೂ ಸಭ್ಯರು!

ಒಮ್ಮೆ ಟ್ಯಾಕ್ಸಿಯಲ್ಲಿ ಹೋಗುತ್ತಿದ್ದಾಗ ಪಠಾಣ ಚಾಲಕನು ಕನ್ನಡಿಯಲ್ಲಿ ಮಾವನನ್ನು ಬಹಳ ಹೊತ್ತು ದಿಟ್ಟಿಸಿ, ಕೊನೆಗೆ ತಡೆಯಲಾರದೆ, "ಚಾಚಾ, ಅಂದರ್ ಕ್ಯಾ ಹೈ?" ಎಂದ. ನಾನು ಕಿಟಕಿಯಾಚೆಯ ಸಮುದ್ರವನ್ನು ಅಧ್ಯಯನ ಮಾಡತೊಡಗಿದೆ.

"ಇಕಾಮಾ!" ಎಂದರು ಮಾವ. ಹಾಗೆನ್ನುತ್ತಲೇ ಬೆಲ್ಟಿನ ಜೇಬಿನಿಂದ ತಮ್ಮ ವಾಸದ ಪರವಾನಗಿಯನ್ನು ಹೊರತೆಗೆದು ತೋರಿಸಿಯೇಬಿಟ್ಟರು. ಚಾಲಕ ಕಣ್ಣನ್ನು ಕನ್ನಡಿಯಿಂದ ಕಿತ್ತು ರಸ್ತೆಯ ಮೇಲಿಟ್ಟ. ಇಕಾಮಾ ಕಂಡ ಮೇಲೆ ಈ ದೇಶದಲ್ಲಿ ಯಾವ ಪರದೇಶಿ ತಾನೇ ತಮಾಷೆ ಮಾಡಿಯಾನು?

ಇನ್ನೊಮ್ಮೆ ಈಜಿಪ್ಟಿನ ಲೆಕ್ಕಿಗರೊಬ್ಬರು ಪ್ಯಾಂಟಿನ ಅಳತೆಗೆ ಬಂದು, ಅದೇ ಪ್ರಶ್ನೆಯನ್ನು ಹಲವು ಸುತ್ತು ಬಳಸಿ, ವಿಜ್ಞಾನದ ಆಸಕ್ತಿಯಿಂದ ಎಂಬಂತೆ ಮುಂದಿಟ್ಟರು. ಮಾವ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟು, "ನೀವು ಮೊದಲು ನಿಮ್ಮ ಸಂಬಳ ಹೇಳಿ. ಆಮೇಲೆ ನಾನು ಹೇಳುತ್ತೇನೆ" ಎಂದರು. ಲೆಕ್ಕಿಗರು ಕೆಂಪಾದರು. ಕೊಲ್ಲಿಯಲ್ಲಿ ದುಡಿಯುವವನು ಹೆಂಡತಿಗೂ ಹೇಳದ ಗುಟ್ಟು ಅದು. ಅದರ ಮುಂದೆ ಲುಂಗಿಯ ಗುಟ್ಟು ಯಾವ ಲೆಕ್ಕ!

ಈ ಪ್ರಶ್ನೆಯನ್ನು ಎಂದೂ ಕೇಳದವರು ಒಬ್ಬರೇ. ಸೌದಿಯ ದಕ್ಷಿಣದಂಚಿನ ಜಿಝಾನ್‌ನಿಂದ ಬಂದ, ಖರ್ಜೂರದ ಅಂಗಡಿಯ ಮುದುಕರು. ಅವರ ಊರಿನಲ್ಲಿಯೂ ಗಂಡಸರು ಸೊಂಟಕ್ಕೆ ಬಟ್ಟೆ ಸುತ್ತುತ್ತಾರೆ, 'ವಿಝಾರ್' ಎನ್ನುತ್ತಾರೆ. ಮಾವನೂ ಅವರೂ ಬೆಳಿಗ್ಗೆ ಪರಸ್ಪರರ ಬಟ್ಟೆಯ ಅಂಚನ್ನು ನೋಡಿ ಗಂಭೀರವಾಗಿ ತಲೆದೂಗುತ್ತಾರೆ. ರಾಯಭಾರಿಗಳ ಭೇಟಿಯೂ ಅಷ್ಟು ಗೌರವದಿಂದ ನಡೆಯುತ್ತದೆಯೇ ಎಂದು ನನಗೆ ಸಂಶಯ.

ಹೀಗಿರಲು, ನಮ್ಮ ಕಂಪನಿಯ ಹಿರಿಯ ಇಂಜಿನಿಯರ್, ಸ್ಕಾಟ್ಲೆಂಡಿನವರು, ಒಂದು ಬೆಳಿಗ್ಗೆ ನನ್ನ ಮೇಜಿನ ಬಳಿ ಬಂದು ದನಿ ತಗ್ಗಿಸಿ, ನಂಬಿಕಸ್ಥ ಟೈಲರ್ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದರು. ಮರುದಿನ ಅವರ ವಿಮಾನ. ಅದರ ಮಾರನೆಯ ದಿನ ಊರಿನಲ್ಲಿ ಒಬ್ಬಳೇ ಮಗಳ ಮದುವೆ. ಉಡಬೇಕಾದದ್ದು ತಮ್ಮ ತಂದೆಯ ಕಿಲ್ಟು, ಅವರ ನಾಡಿನ ಗಂಡಸರು ಸೊಂಟಕ್ಕೆ ಸುತ್ತುವ ನೆರಿಗೆಯ ಬಟ್ಟೆ. ಆದರೆ ತಂದೆ ತೆಳ್ಳಗಿದ್ದರು. ಮಗ ಇಷ್ಟು ವರ್ಷ ಸೌದಿಯಲ್ಲಿ ಮಾಂಸದ ಅನ್ನ ಉಂಡಿದ್ದರು! ಕಿಲ್ಟು ಸೊಂಟವನ್ನು ಸುತ್ತಿ ಬರುತ್ತಿರಲಿಲ್ಲ. ಎರಡು ಅಂಗಡಿಯವರು ಬಿಡಿಸಿ ನೋಡಿ, ನಕ್ಕು, ಹಿಂದಿರುಗಿಸಿದ್ದರಂತೆ.

ನಾನಿನ್ನೂ ಕಾಯಂ ಆಗದ ನೌಕರ. ಅಂಥವನು ಹಿರಿಯ ಅಧಿಕಾರಿಯನ್ನು ಲುಂಗಿಯ ಟೈಲರ್ ಬಳಿಗೆ ಕರೆದೊಯ್ಯುವುದೇ? ಆದರೆ "ಅಪ್ಪನ ಕಿಲ್ಟಿಲ್ಲದೆ ಮಗಳ ಕೈ ಹಿಡಿದು ನಡೆಸಲು ನನಗೆ ಮನಸ್ಸಿಲ್ಲ" ಎಂದಾಗ ಅವರ ಮುಖ ಹೇಗಿತ್ತೆಂದರೆ, ಮಧ್ಯಾಹ್ನವೇ ಕರೆದೊಯ್ದೆ.

ಮಾವ ಕಿಲ್ಟನ್ನು ಹಾಸಿ, ಹಿಂಭಾಗದ ನೆರಿಗೆಗಳ ಮೇಲೆ ಅಂಗೈ ಆಡಿಸಿದರು. "ಎಂತ ನೆರಿಗೆ ಮಾರಾಯ! ಇದನ್ನು ಕೈಯಲ್ಲಿ ಹೊಲಿದದ್ದು. ಇಲ್ಲಿ ಬಿಚ್ಚಿದರೆ ಪಾಪ ಬರ್ತದೆ." ಆಮೇಲೆ ಅವರನ್ನು ಪರದೆಯ ಹಿಂದೆ ಕಳುಹಿಸಿ ಉಟ್ಟು ಬರಲು ಹೇಳಿದರು.

ಇಂಜಿನಿಯರರು ಕಿಲ್ಟಿನ ಅಂಚನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ಹೊರಬಂದಾಗ ಚಹಾದಂಗಡಿಯ ಮಲಯಾಳಿ ತಟ್ಟೆಯ ಸಮೇತ ಹಾಜರಿದ್ದ. ಜಿಝಾನಿನ ಮುದುಕರೂ ಎದ್ದು ಬಂದರು. ಮಂಡಿಯವರೆಗಿನ ಆ ಚೌಕಳಿ ಬಟ್ಟೆಯನ್ನು ಕಂಡು ಮಾವ ನನ್ನತ್ತ ತಿರುಗಿದರು.

"ಇವರು ಕಟ್ಟಿದ್ದೇ ಎತ್ತಿ. ಮದುವೆ ಚಪ್ಪರಕ್ಕೆ ಹಿರಿಯರು ಬಂದರೆ ಇಳಿಸುವುದು ಹೇಗೆ? ಕೇಳು."

ನಮ್ಮಲ್ಲಿ ಎತ್ತಿ ಕಟ್ಟಿದ ಲುಂಗಿಯನ್ನು ಹಿರಿಯರ ಎದುರು ಇಳಿಸದವನು ಸಂಸ್ಕಾರವಿಲ್ಲದವನು. ಇದನ್ನು ಶುದ್ಧ ಇಂಗ್ಲಿಷಿನಲ್ಲಿ ಅನುವಾದಿಸುವಷ್ಟರಲ್ಲಿ ನಾನು ಬೆವೆತೆ. ಇಂಜಿನಿಯರರು ಪೂರ್ತಿ ಕೇಳಿ, "ನಾವು ಎದ್ದು ನಿಲ್ಲುತ್ತೇವೆ" ಎಂದರು.

"ಸಾಕು, ಅದೂ ಮರ್ಯಾದೆಯೇ" ಎಂದು ಮಾವ ಮಂಜೂರು ಮಾಡಿದರು.

ಅಷ್ಟರಲ್ಲಿ ಚಹಾದವನು ತಟ್ಟೆಯನ್ನು ಕೆಳಗಿಟ್ಟು, ಮಾವನತ್ತ ಕಣ್ಣು ಮಿಟುಕಿಸಿ, "ಇಕ್ಕಾ, ಇವರ ಒಳಗೆ..." ಎಂದು ಆರಂಭಿಸಿದ. ನನ್ನ ಕೆಲಸ ಹೋಯಿತೆಂದೇ ಭಾವಿಸಿದೆ.

ಮಾವ ಕತ್ತರಿ ಎತ್ತಿದರು. "ಆ ಪ್ರಶ್ನೆ ನನ್ನ ಬಗ್ಗೆ ಕೇಳು. ಅಂಗಡಿಗೆ ಬಂದ ನೆಂಟನ ಬಗ್ಗೆ ಕೇಳಬೇಡ. ಯಲ್ಲಾ, ಚಹಾ ಇಟ್ಟು ಹೋಗು!"

"ಅವರು ಏನು ಕೇಳಿದರು?" ಎಂದು ಇಂಜಿನಿಯರರು ನನ್ನನ್ನು ನೋಡಿದರು.

"ಹವಾಮಾನದ ಬಗ್ಗೆ, ಸರ್" ಎಂದೆ. ಪದವಿಯಿಂದ ಇಂಥ ಪ್ರಯೋಜನಗಳೂ ಉಂಟು!

ಅವರು ಗಹಗಹಿಸಿ ನಕ್ಕರು. "ಆ ಹವಾಮಾನ ನನಗೆ ಹದಿಹರೆಯದಿಂದ ಗೊತ್ತು. ಕೇಳುವ ಮುಖ ಎಲ್ಲ ದೇಶದಲ್ಲಿಯೂ ಒಂದೇ. 'ನನ್ನ ಅಜ್ಜಿಯನ್ನು ಕೇಳಿ, ಉಡಿಸಿ ಕಳುಹಿಸಿದವರು ಅವರೇ' ಎಂದುಬಿಡುತ್ತೇನೆ. ಯಾರೂ ಮುಂದುವರಿಯುವುದಿಲ್ಲ."

ಇದನ್ನು ನಾನು ಅನುವಾದಿಸಿದಾಗ ಮಾವ ತೊಡೆ ತಟ್ಟಿದರು. "ಭಾರೀ ಉತ್ತರ! ನನ್ನ ಆ ಸಂಬಳದ ಉತ್ತರವನ್ನೂ ಅವರಿಗೆ ಹೇಳು." ಹೇಳಿದೆ. ಇಂಜಿನಿಯರರು ಎರಡು ಸಲ ಹೇಳಿಸಿಕೊಂಡು, ಊರಿಗೆ ಒಯ್ಯುವುದಾಗಿ ತಿಳಿಸಿದರು. ಒಬ್ಬರಿಗೊಬ್ಬರ ಭಾಷೆ ಬಾರದ ಇಬ್ಬರು, ಒಂದೇ ಪೀಡೆಯನ್ನು ಅನುಭವಿಸಿದವರು, ಚಹಾ ಹೀರುತ್ತ ಕುಳಿತರು. ನಾನೊಬ್ಬನೇ ಪ್ಯಾಂಟಿನವನು, ಸಹಜವಾಗಿ ಪರಕೀಯನಾದೆ.

ಆದರೆ ಬಟ್ಟೆ? ಕಿಲ್ಟಿನ ಮುಂಭಾಗದಲ್ಲಿ ಒಂದರ ಮೇಲೊಂದು ಬರುವ ಎರಡು ಮಡಿಕೆಗಳಿವೆ. ಹೊರಗೆ ಕಾಣದ ಒಳಮಡಿಕೆಗೆ ಒಂದು ತುಂಡು ಜೋಡಿಸಿ, ಬಕಲುಗಳನ್ನು ಸರಿಸಿದರೆ ಸಾಕೆಂದರು ಮಾವ. ಆ ಹಸಿರು ನೀಲಿ ಚೌಕಳಿಗೆ ಹೊಂದುವ ಬಟ್ಟೆಗಾಗಿ ನಾನು ಪೇಟೆಯೆಲ್ಲ ಅಲೆದೆ. ಸಿಗಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದಾಗ ಇಂಜಿನಿಯರರು ಕಿಲ್ಟನ್ನು ಮಡಚಲು ಹೊರಟರು.

"ಮಡಚಬೇಡಿ ಅನ್ನು" ಎಂದ ಮಾವ ಒಳಗಿನ ಪೆಟ್ಟಿಗೆಯನ್ನು ತೆರೆದರು. ಹೊರಬಂದದ್ದು ಒಂದು ಲುಂಗಿ. ಹಸಿರು, ನೀಲಿ, ನಡುವೆ ಕಪ್ಪು ಗೆರೆ, ಅಣ್ಣತಮ್ಮಂದಿರಂತೆ ಹೋಲಿಕೆ! ಎರಡನೆಯ ಮಾತಿಲ್ಲದೆ ಕತ್ತರಿ ಹಾಕಿದರು. ಒಳಗೆ ಕ್ಯಾನ್ವಾಸ್ ಕೊಟ್ಟು ದಪ್ಪ ಮಾಡಿ, ಚೌಕಳಿಗೆ ಚೌಕಳಿ ಕೂಡಿಸಿ ಹೊಲಿದರು. ಸೂರ್ಯ ಮುಳುಗಿ ಮಗ್ರಿಬ್ ನಮಾಜಿನ ಬಾಂಗ್ ಆಗುವ ಹೊತ್ತಿಗೆ ಕಿಲ್ಟು ಸೊಂಟವನ್ನು ಸುತ್ತಿ ಬಂದು ಬಕಲಿಗೆ ಸಿಕ್ಕಿತು. ಇಂಜಿನಿಯರರು ಕನ್ನಡಿಯ ಮುಂದೆ ನೆಟ್ಟಗೆ ನಿಂತರು. ಎಷ್ಟು ಕೊಡಬೇಕೆಂದು ಕೇಳಿದಾಗ ಮಾವ, "ಮದುವೆ ಮನೆಯವರಿಂದ ತೆಗೆದುಕೊಳ್ಳುವುದಿಲ್ಲ" ಎಂದರು. ಅವರು ಮಾವನ ಎರಡೂ ಕೈಗಳನ್ನು ಹಿಡಿದು ಬಲವಾಗಿ ಕುಲುಕಿದರು. ಅನುವಾದಿಸುವ ಅಗತ್ಯ ಬೀಳಲಿಲ್ಲ.

ಅವರು ಹೋದ ಮೇಲೆ ನಾನು ಉಳಿದ ಬಟ್ಟೆಯನ್ನು ಮಡಚುತ್ತಿದ್ದೆ. ಅದರ ಮೂಲೆಯಲ್ಲಿ ಅಂಗಡಿಯ ಹೊಳೆಯುವ ಚೀಟಿ ಇನ್ನೂ ಅಂಟಿಕೊಂಡಿತ್ತು. ಒಮ್ಮೆಯೂ ನೀರು ಕಾಣದ ಲುಂಗಿ!

"ಹೊಸತನ್ನು ಯಾಕೆ ಕತ್ತರಿಸಿದ್ದು ಮಾವ? ಹಳೆಯದು ಇರಲಿಲ್ಲವಾ?"

ಮಾವ ಮಿಷನ್ನಿಗೆ ಇನ್ಯಾರದೋ ಪ್ಯಾಂಟನ್ನು ಕೊಟ್ಟು, ಸೂಜಿಯಿಂದ ಕಣ್ಣೆತ್ತದೆ ಹೇಳಿದರು.

"ನನ್ನ ಮಗಳ ನಿಖಾಕ್ಕೆ ಉಡಲಿಕ್ಕೆ ಅಂತ ನಿನ್ನ ಉಮ್ಮ ಕಳಿಸಿದ್ದು. ಆಗ ನನ್ನ ಇಕಾಮಾ ಸಿಕ್ಕಿಹಾಕಿಕೊಂಡಿತ್ತಲ್ಲ, ಸಹಿ ಹಾಕುವ ಕಫೀಲ್ ಧಣಿ ಊರಲ್ಲಿರಲಿಲ್ಲ, ಹೋಗಲಿಕ್ಕೆ ಆಗಲಿಲ್ಲ. ಫೋನಿನಲ್ಲಿ ನೋಡಿದೆ. ಫೋನಿನಲ್ಲಿ ನೋಡಲಿಕ್ಕೆ ಹೊಸ ಲುಂಗಿ ಯಾಕೆ ಅಂತ ಉಡಲಿಲ್ಲ."

ಮಿಷನ್ನು ಸ್ವಲ್ಪ ದೂರ ಓಡಿ ನಿಂತಿತು.

"ಮದುವೆಗೆ ಅಂತ ಬಂದ ಬಟ್ಟೆ ಮಾರಾಯ ಅದು. ಹೋಗಲಿ, ಒಂದು ಮದುವೆಯನ್ನಾದರೂ ನೋಡಲಿ."